ಕಲ್ಯಾಣ ಮಂಟಪಕ್ಕೆ ಎಮರ್ಜೆನ್ಸಿ ಲೈಟ್ ಮತ್ತು ಬೆಂಕಿ ಸುರಕ್ಷತೆ: ಮಾಲೀಕರು, ಮ್ಯಾನೇಜರ್‌ಗಳು ಮಾಡಬೇಕಾದ ಕೆಲಸ

"ನಮ್ಮಲ್ಲಿ ಜನರೇಟರ್ ಇದೆ, ಮತ್ತೆ ಎಮರ್ಜೆನ್ಸಿ ಲೈಟ್ ಯಾಕೆ?" ಬಹುತೇಕ ಮಂಟಪಗಳಲ್ಲಿ ಕೇಳಿಬರುವ ಮೊದಲ ಮಾತು ಇದು. ಲೈನಿನಲ್ಲಿ ಕರೆಂಟ್ ಹೋದರೆ ಜನರೇಟರ್ ಸಾಕು, ನಿಜ. ಆದರೆ ಬೆಂಕಿಯ ಹೊತ್ತಿನಲ್ಲಿ ಅದನ್ನು ನಂಬುವಂತಿಲ್ಲ. ಜನರೇಟರಿನ ಕರೆಂಟೂ ಅದೇ ಪ್ಯಾನಲ್, ಅದೇ ಕೇಬಲ್, ಅದೇ ಡಿಬಿ (ಕರೆಂಟ್ ಹಂಚುವ ಪೆಟ್ಟಿಗೆ) ಮೂಲಕವೇ ಹಾಲ್‌ಗೆ ಬರಬೇಕು. ಬೆಂಕಿ ಹತ್ತಿದ್ದೇ ಪ್ಯಾನಲ್ಲಿನಲ್ಲಿ ಅಂದರೆ ಎರಡೂ ಒಟ್ಟಿಗೆ ಹೋದವು. ಅಗ್ನಿಶಾಮಕ ಸಿಬ್ಬಂದಿ ಬಂದವರೇ ಮೊದಲು ಮೇನ್ ಆಫ್ ಮಾಡಿಸುತ್ತಾರೆ. ಕೈಯಿಂದ ಸ್ಟಾರ್ಟ್ ಮಾಡುವ ಜನರೇಟರ್ ಆದರೆ ಆಪರೇಟರ್ ಓಡಿಹೋಗಿ ಚಾಲೂ ಮಾಡುವವರೆಗೂ ಸಾವಿರ ಜನ ಕತ್ತಲಲ್ಲಿ. ತನ್ನದೇ ಬ್ಯಾಟರಿಯಿಂದ ತಾನಾಗಿ ಹೊತ್ತುವ ಎಮರ್ಜೆನ್ಸಿ ಲೈಟ್ ಬೇಕಾಗುವುದು ಇದಕ್ಕೇ.

ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ಬೆಂಕಿ ಹತ್ತಿದ್ದು ಕೆಳಗಿನ ಟ್ರಾನ್ಸ್‌ಫಾರ್ಮರ್‌ನಿಂದ. ಬಾಲ್ಕನಿಗೆ ಹೊಗೆ ತುಂಬಿದಾಗ ಅಲ್ಲಿ ಎಮರ್ಜೆನ್ಸಿ ಲೈಟ್ ಇರಲಿಲ್ಲ, ಹೆಚ್ಚುವರಿ ಸೀಟು ಹಾಕಿ ಹೊರದಾರಿಯನ್ನು ಕಟ್ಟಿಹಾಕಿದ್ದರು. ಸತ್ತವರು 59 ಮಂದಿ. 2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗದ ಮದುವೆ ಮಂಟಪದಲ್ಲಿ ಮಹಡಿಯ ಮೇಲಿನ ಗರಿಯ ಚಪ್ಪರಕ್ಕೆ ಬೆಂಕಿ ತಗುಲಿತು. ಇಳಿಯಲು ಇದ್ದದ್ದು ಇಕ್ಕಟ್ಟಿನ ಮೆಟ್ಟಿಲು. 50ಕ್ಕೂ ಹೆಚ್ಚು ಜನ ಹೋದರು, ಮದುಮಗನೂ ಅವರಲ್ಲೊಬ್ಬ. ಎರಡೂ ಕಡೆ ಜನ ಹೊರಗೆ ಬರುವ ದಾರಿಯೇ ಕೈಕೊಟ್ಟಿತು. ಅದಕ್ಕೇ ಈ ಕೈಪಿಡಿಯಲ್ಲಿ ಬೆಂಕಿ ಆರಿಸುವ ಮಾತಿಗಿಂತ ದಾರಿ ಮತ್ತು ಬೆಳಕಿನ ಮಾತು ಹೆಚ್ಚಿದೆ.

ಮೊದಲು ಬಾಗಿಲಿನ ಲೆಕ್ಕ

ಲೈಟ್ ಕೊಳ್ಳುವ ಮೊದಲು ಟೇಪ್ ಹಿಡಿದು ಹಾಲ್ ಮತ್ತು ಬಾಗಿಲು ಅಳೆಯಿರಿ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ನಾಲ್ಕನೇ ಭಾಗದಲ್ಲಿ ಇದಕ್ಕೆ ಸೂತ್ರವಿದೆ. ಕುರ್ಚಿಯನ್ನು ನೆಲಕ್ಕೆ ಬಿಗಿಯದ, ಜನ ಒತ್ತೊತ್ತಾಗಿ ಸೇರುವ ಹಾಲ್‌ನಲ್ಲಿ ಒಬ್ಬರಿಗೆ 0.65 ಚದರ ಮೀಟರ್ ಎಂದು ಹಿಡಿಯಬೇಕು. ಟೇಬಲ್ ಹಾಕಿದ ಊಟದ ಹಾಲ್‌ಗೆ 1.8 ಚದರ ಮೀಟರ್. ಹೊರಹೋಗಲು ಸಮತಟ್ಟಾದ ದಾರಿ, ಬಾಗಿಲುಗಳಲ್ಲಿ ತಲೆಗೆ 6.5 ಮಿಲಿಮೀಟರ್ ಅಗಲ ಬೇಕು, ಮೆಟ್ಟಿಲಲ್ಲಿ 10 ಮಿಲಿಮೀಟರ್.

30 ಮೀಟರ್ ಉದ್ದ, 20 ಮೀಟರ್ ಅಗಲದ ಹಾಲ್ ತೆಗೆದುಕೊಳ್ಳಿ. 600 ಚದರ ಮೀಟರ್, ಅಂದರೆ ಸುಮಾರು 920 ಜನ. 920ನ್ನು 6.5ರಿಂದ ಗುಣಿಸಿದರೆ ಹತ್ತಿರ ಹತ್ತಿರ 6 ಮೀಟರ್. 2 ಮೀಟರ್ ಅಗಲದ ಮೂರು ಬಾಗಿಲು ಬೇಕಾಯಿತು. ಇದೇ ಹಾಲ್ ಮೊದಲ ಮಹಡಿಯಲ್ಲಿದ್ದರೆ ಒಟ್ಟು 9 ಮೀಟರಿಗೂ ಮಿಕ್ಕಿ ಮೆಟ್ಟಿಲ ಅಗಲ ಬೇಕು. 2 ಮೀಟರ್ ಅಗಲದ ಒಂದು ಮೆಟ್ಟಿಲು ಸಾಕಾಗುವುದು 200 ಜನರಿಗೆ ಮಾತ್ರ. ಮಹಡಿ ಮೇಲಿನ ಹಾಲ್‌ಗೆ ಸಾವಿರ ಜನರ ಬುಕಿಂಗ್ ತೆಗೆದುಕೊಳ್ಳುವವರು ಈ ಗುಣಾಕಾರವನ್ನು ಒಮ್ಮೆ ಮಾಡಲೇಬೇಕು. ಬಂದ ಸಂಖ್ಯೆಯನ್ನು ಆಫೀಸಿನ ಗೋಡೆಯ ಮೇಲೆ ಬರೆದಿಡಿ. ಅದೇ ನಿಮ್ಮ ಹಾಲ್‌ನ ಮಿತಿ.

ಮಂಟಪದಂಥ ಜನ ಸೇರುವ ಕಟ್ಟಡಕ್ಕೆ ಹೊರಬಾಗಿಲು ಕನಿಷ್ಠ 2 ಮೀಟರ್ ಅಗಲವಿರಬೇಕು, ಹೊರಗಡೆಗೆ ತೆರೆಯಬೇಕು. ಒಳಗೆ ತೆರೆಯುವ ಬಾಗಿಲಿಗೆ ಹಿಂದಿನಿಂದ ಜನ ಒತ್ತಿದರೆ ಮುಂದಿದ್ದವರು ಅದನ್ನು ಎಳೆಯಲಾರರು. ಚೌಕಟ್ಟಿನ ಕೀಲು ತಿರುಗಿಸಿ ಹಾಕಿಸುವುದೇ ಸರಿಯಾದ ದುರಸ್ತಿ. ಅಲ್ಲಿಯವರೆಗೆ ಕಾರ್ಯಕ್ರಮ ಇರುವಷ್ಟು ಹೊತ್ತೂ ಎರಡೂ ರೆಕ್ಕೆಗಳನ್ನು ಪೂರ್ತಿ ತೆರೆದು ಗೋಡೆಗೆ ಕೊಕ್ಕೆ ಹಾಕಿಡಿ. ಮೇಲೊಂದು ಕೆಳಗೊಂದು ಟವರ್ ಬೋಲ್ಟ್ ಇರುವ ಬಾಗಿಲನ್ನು ಕತ್ತಲಲ್ಲಿ, ಹೊಗೆಯಲ್ಲಿ ಯಾರೂ ತೆರೆಯಲಾರರು. ಅವನ್ನು ಕಿತ್ತು ಅಡ್ಡಪಟ್ಟಿ ಒತ್ತಿದರೆ ತೆರೆದುಕೊಳ್ಳುವ ಪ್ಯಾನಿಕ್ ಬಾರ್ ಹಾಕಿಸಿ. ಹಿಂಬಾಗಿಲಿನಿಂದ ಕರೆಯದ ಅತಿಥಿಗಳು ಬರುತ್ತಾರೆ, ಪಾತ್ರೆ ಕಳುವಾಗುತ್ತದೆ ಎಂದು ಬೀಗ ಹಾಕುವ ರೂಢಿ ಇದೆಯಲ್ಲ, ಪ್ಯಾನಿಕ್ ಬಾರ್ ಆ ಚಿಂತೆಯನ್ನೂ ತೀರಿಸುತ್ತದೆ: ಹೊರಗಿನಿಂದ ತೆರೆಯದು, ಒಳಗಿನಿಂದ ಮಗು ಒತ್ತಿದರೂ ತೆರೆಯುತ್ತದೆ.

ಲೈಟ್ ಎಲ್ಲೆಲ್ಲಿ

ರಾತ್ರಿ ಎಲ್ಲ ದೀಪ ಆರಿಸಿ, ಇಬ್ಬರು ಟಾರ್ಚ್ ಮತ್ತು ಸೀಮೆಸುಣ್ಣ ಹಿಡಿದು ನಡೆಯಿರಿ. ವೇದಿಕೆಯಿಂದ ಹೊರಡಿ, ರಸ್ತೆ ಮುಟ್ಟುವವರೆಗೆ ನಿಲ್ಲಬೇಡಿ. ದಾರಿ ತಿರುಗುವ ಕಡೆ, ಎರಡು ಕಾರಿಡಾರ್ ಕೂಡುವ ಕಡೆ, ಒಂದೇ ಒಂದು ಮೆಟ್ಟಿಲಿನಷ್ಟು ನೆಲ ತಗ್ಗಿದ ಕಡೆ, ಪ್ರತಿ ಬಾಗಿಲಲ್ಲಿ ಗುರುತು ಹಾಕಿ. ಮತ್ತೆ ಊಟದ ಹಾಲ್‌ನಿಂದ, ಅಡುಗೆಮನೆಯಿಂದ, ಮದುಮಗಳ ಕೋಣೆಯಿಂದ, ಶೌಚಾಲಯದಿಂದ ಹೊರಟು ಇದನ್ನೇ ಮಾಡಿ. ಗುರುತು ಬಿದ್ದ ಪ್ರತಿ ಜಾಗದ 2 ಮೀಟರ್ ಒಳಗೆ ಒಂದು ಲೈಟ್ ಇರಬೇಕು. ಇವಲ್ಲದೆ ಅಲಾರಂ ಒತ್ತುವ ಪೆಟ್ಟಿಗೆ, ಬೆಂಕಿ ಆರಿಸುವ ಸಿಲಿಂಡರ್ ಇರುವ ಜಾಗಗಳಿಗೂ ಬೆಳಕು ಬೇಕು. ಕೊನೆಯ ಬಾಗಿಲಿನ ಹೊರಗೂ ಒಂದು ಬೇಕು, ಇದನ್ನೇ ಹೆಚ್ಚಿನವರು ಬಿಡುತ್ತಾರೆ. ಬೆಳಕಿನಿಂದ ಕತ್ತಲಿಗೆ ಕಾಲಿಟ್ಟವರು ಹೊಸ್ತಿಲಲ್ಲೇ ನಿಲ್ಲುತ್ತಾರೆ, ಹಿಂದಿನವರು ಅವರ ಮೇಲೆ ಬೀಳುತ್ತಾರೆ. ಚಪ್ಪಲಿ ರಾಶಿ ಬೀಳುವುದೂ ಅಲ್ಲೇ. ಚಪ್ಪಲಿ ಸ್ಟ್ಯಾಂಡನ್ನು ಬಾಗಿಲ ನೇರದಿಂದ ಪಕ್ಕಕ್ಕೆ ಸರಿಸಿ.

ಸಂಹಿತೆ ಕೇಳುವುದು ಇಷ್ಟು: ಹೊರದಾರಿಯ ನಡುಗೆರೆಯಲ್ಲಿ ನೆಲಮಟ್ಟಕ್ಕೆ ಕನಿಷ್ಠ 10 ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕು, ಮಾಮೂಲಿ ದೀಪ ಆರಿದ 1 ಸೆಕೆಂಡಿನೊಳಗೆ ಹೊತ್ತಿಕೊಳ್ಳಬೇಕು, ಕಡೇಪಕ್ಷ ಒಂದೂವರೆ ಗಂಟೆ ಉರಿಯಬೇಕು. ಲೈಟನ್ನು ನೆಲದಿಂದ 2 ಮೀಟರಿಗಿಂತ ಕೆಳಗೆ ಹಾಕಬಾರದು, ಹಾಗೆಂದು ತೀರಾ ಮೇಲಕ್ಕೂ ಒಯ್ಯಬಾರದು. ಹೊಗೆ ಮೊದಲು ಸೇರುವುದು ಸೂರಿನಲ್ಲಿ. 6 ಮೀಟರ್ ಎತ್ತರದ ಸೂರಿಗೆ ತಗುಲಿಸಿದ ದೀಪ ಮೊದಲ ನಿಮಿಷಗಳಲ್ಲೇ ಹೊಗೆಯ ಮೇಲೆ ಉಳಿದುಬಿಡುತ್ತದೆ. ಗೋಡೆಯ ಮೇಲೆ ಎರಡೂಕಾಲರಿಂದ ಎರಡೂವರೆ ಮೀಟರ್ ಒಳ್ಳೆಯ ಎತ್ತರ.

ಮೆಟ್ಟಿಲಿನಲ್ಲಿ ಪ್ರತಿ ಸಾಲಿಗೂ ನೇರ ಬೆಳಕು ಬೀಳಬೇಕು. ಮೇಲಿನ ಲ್ಯಾಂಡಿಂಗ್‌ನಲ್ಲಿ ಒಂದೇ ದೀಪ ಹಾಕಿದರೆ ಇಳಿಯುವವರ ನೆರಳು ಅವರ ಮುಂದಿನ ಮೆಟ್ಟಿಲ ಮೇಲೇ ಬೀಳುತ್ತದೆ. ನಡುವಿನ ಲ್ಯಾಂಡಿಂಗ್‌ನಲ್ಲೂ ಒಂದು ಹಾಕಿ. ಎರಡು ತಲೆಯ ದೀಪಗಳನ್ನು ಕಣ್ಣಿಗೆ ಹೊಡೆಯುವ ಹಾಗೆ ತಿರುಗಿಸಿಟ್ಟಿರುವುದು ಸಾಮಾನ್ಯ ತಪ್ಪು. ಎರಡೂ ತಲೆಗಳನ್ನು ನೆಲದ ಕಡೆ ಬಾಗಿಸಿ, ದೀಪದಿಂದ ನಾಲ್ಕೈದು ಮೀಟರ್ ದೂರದಲ್ಲಿ ಬೆಳಕಿನ ಮಧ್ಯಭಾಗ ಬೀಳುವಂತೆ ಇಟ್ಟು, ಸ್ಕ್ರೂ ಬಿಗಿದು, ಪೇಂಟಿನಿಂದ ಒಂದು ಗೆರೆ ಎಳೆಯಿರಿ. ಯಾರಾದರೂ ತಿರುಗಿಸಿದರೆ ಗೆರೆ ತಪ್ಪಿರುವುದು ಕಾಣುತ್ತದೆ.

ಯಾವ ಲೈಟ್, ಎಷ್ಟು ಬ್ಯಾಟರಿ

ಮನೆಯಲ್ಲಿ ಕರೆಂಟ್ ಹೋದಾಗ ಹಚ್ಚುವ ಕೈದೀಪ ಇಲ್ಲಿ ಕೆಲಸಕ್ಕೆ ಬಾರದು. ಗೋಡೆಗೆ ಬಿಗಿಯುವ, ತಾನಾಗಿ ಹೊತ್ತುವ, ಟೆಸ್ಟ್ ಬಟನ್ ಮತ್ತು ಚಾರ್ಜ್ ಸೂಚಕ ಇರುವ ಯೂನಿಟ್ ಬೇಕು. ಹಾಲ್, ಮೆಟ್ಟಿಲಿಗೆ ಕರೆಂಟ್ ಹೋದಾಗ ಮಾತ್ರ ಉರಿಯುವ ಬಗೆ ಸಾಕು. ಎಕ್ಸಿಟ್ ಬೋರ್ಡು ಮಾತ್ರ ಜನ ಒಳಗಿರುವಷ್ಟು ಹೊತ್ತೂ ಉರಿಯುತ್ತಿರಬೇಕು, ಕರೆಂಟ್ ಹೋದರೂ ಆರಬಾರದು.

ಡಬ್ಬಿಯ ಮೇಲೆ "4 ಗಂಟೆ ಬ್ಯಾಕಪ್" ಎಂದು ಬರೆದದ್ದನ್ನು ನಂಬುವ ಬದಲು ನೀವೇ ಲೆಕ್ಕ ಹಾಕಿ. ಹೆಚ್ಚು ಸಿಗುವುದು 6 ವೋಲ್ಟ್, 4.5 ಆಂಪಿಯರ್-ಅವರ್‌ನ ಸೀಲ್ ಮಾಡಿದ ಲೆಡ್ ಆಸಿಡ್ ಬ್ಯಾಟರಿ. ಗುಣಿಸಿದರೆ 27 ವ್ಯಾಟ್-ಅವರ್. ಆದರೆ ಆ ಸಂಖ್ಯೆ 20 ಗಂಟೆಯಲ್ಲಿ ನಿಧಾನ ಖಾಲಿಯಾದಾಗಿನದು. ಒಂದೂವರೆ ಗಂಟೆಯಲ್ಲಿ ಹೀರಿದರೆ ಮೂರರಲ್ಲಿ ಎರಡು ಪಾಲು, ಅಂದರೆ 18 ಮಾತ್ರ ಸಿಗುತ್ತದೆ. ಬ್ಯಾಟರಿ ಹಳತಾಗುತ್ತದೆ ಎಂದು ಇನ್ನೊಂದು 20 ಶೇಕಡಾ ಕಳೆಯಿರಿ: 14.4. ದೀಪ ಉರಿಸುವ ಡ್ರೈವರ್ ಸರ್ಕ್ಯೂಟಿನ ನಷ್ಟಕ್ಕೆ 15 ಶೇಕಡಾ: ಉಳಿದದ್ದು 12ರ ಆಸುಪಾಸು. ಒಂದೂವರೆ ಗಂಟೆಗೆ ಭಾಗಿಸಿದರೆ 8 ವ್ಯಾಟ್. ಎರಡು ತಲೆ ಸೇರಿ 8 ವ್ಯಾಟ್ ಎಲ್‌ಇಡಿಗಿಂತ ಹೆಚ್ಚಿನದನ್ನು ಆ ಬ್ಯಾಟರಿ ಹೊರಲಾರದು. ಇದೇ ಬ್ಯಾಟರಿಗೆ ಎರಡು 10 ವ್ಯಾಟ್ ದೀಪ ಕಟ್ಟಿದ ಯೂನಿಟ್ ಅಂಗಡಿಯಲ್ಲಿ ಚೆನ್ನಾಗಿ ಬೆಳಗುತ್ತದೆ, ಮಂಟಪದಲ್ಲಿ ಒಂದೂವರೆ ಗಂಟೆಗೆ ಬಹಳ ಮುಂಚೆಯೇ ನಂದುತ್ತದೆ.

ಲೆಡ್ ಆಸಿಡ್ ಬ್ಯಾಟರಿಗೆ ಸೆಕೆ ಆಗದು. 25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿಗೆ ಅದರ ಆಯುಸ್ಸು ಅರ್ಧವಾಗುತ್ತದೆ ಎಂಬುದು ರೂಢಿಯ ಲೆಕ್ಕ. ಅಡುಗೆಮನೆ ಬಾಗಿಲ ಮೇಲೆ, ಶೀಟಿನ ಛಾವಣಿಯ ಕೆಳಗೆ, ಫಾಲ್ಸ್ ಸೀಲಿಂಗ್ ಒಳಗೆ ಇಟ್ಟ ಯೂನಿಟ್‌ಗಳು ಬೇಗ ಸಾಯುವುದು ಇದಕ್ಕೇ. ಅಂಥ ಕಡೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ಯೂನಿಟ್ ಹಾಕಿ. ಬೆಲೆ ಹೆಚ್ಚು, ಬಾಳಿಕೆಯೂ ಹೆಚ್ಚು. ಬ್ಯಾಟರಿ ಹಾಕಿದ ತಿಂಗಳು, ವರ್ಷವನ್ನು ಮಾರ್ಕರ್‌ನಿಂದ ಅದರ ಮೈಮೇಲೇ ಬರೆಯಿರಿ.

ವೈರಿಂಗ್: ಹೆಚ್ಚು ಕೆಡುವುದು ಇಲ್ಲೇ

ದುಬಾರಿ ಲೈಟ್ ತಂದು ತಪ್ಪು ಕಡೆಯಿಂದ ಕರೆಂಟ್ ಕೊಟ್ಟರೆ ಅದು ಗೋಡೆಯ ಅಲಂಕಾರ ಅಷ್ಟೇ. ಯೂನಿಟ್ ತನಗೆ ಬರುವ ಕರೆಂಟನ್ನು ಮಾತ್ರ ನೋಡುತ್ತಿರುತ್ತದೆ. ಅದು ನಿಂತರೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಯಾವ ಜಾಗಕ್ಕೆ ಅದು ಬೆಳಕು ಕೊಡಬೇಕೋ ಅದೇ ಜಾಗದ ಲೈಟಿಂಗ್ ಸರ್ಕ್ಯೂಟಿನಿಂದ, ಸ್ವಿಚ್ಚಿಗಿಂತ ಮೊದಲು, ಅದಕ್ಕೆ ಕರೆಂಟ್ ಕೊಡಬೇಕು. ಈ ಒಂದು ವಾಕ್ಯ ಎಲೆಕ್ಟ್ರಿಷಿಯನ್‌ಗೆ ಗೊತ್ತಾದರೆ ಅರ್ಧ ಕೆಲಸ ಆದಂತೆ. ತಪ್ಪಿದಾಗ ಏನಾಗುತ್ತದೆ ನೋಡಿ.

ಪಾಯಿಂಟ್ ಹತ್ತಿರವಿದೆ ಎಂದು ಫ್ಯಾನ್ ಸರ್ಕ್ಯೂಟಿನಿಂದಲೋ ಪ್ಲಗ್ ಸರ್ಕ್ಯೂಟಿನಿಂದಲೋ ಕೊಟ್ಟರೆ, ಹಾಲ್‌ನ ಲೈಟಿನ ಎಂಸಿಬಿ (ಲೋಡ್ ಮೀರಿದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ಆಗಿ ಕತ್ತಲಾದರೂ ಯೂನಿಟ್‌ಗೆ ಕರೆಂಟ್ ಬರುತ್ತಲೇ ಇರುತ್ತದೆ. ಅದು ಹೊತ್ತುವುದಿಲ್ಲ. ಆಫೀಸಿನ ಯುಪಿಎಸ್ ಲೈನಿನಿಂದ ಕೊಟ್ಟರೂ ಇದೇ ಕಥೆ.

ಸ್ವಿಚ್ಚಿನ ನಂತರ ಕೊಟ್ಟರೆ ಇನ್ನೂ ಕೆಟ್ಟದು. ಪ್ರತಿ ರಾತ್ರಿ ವಾಚ್‌ಮನ್ ಲೈಟ್ ಆರಿಸಿದ ಕೂಡಲೇ ಎಮರ್ಜೆನ್ಸಿ ಲೈಟ್ ಹೊತ್ತಿ ಬ್ಯಾಟರಿ ಪೂರ್ತಿ ಖಾಲಿಯಾಗುತ್ತದೆ. ಆಮೇಲೆ ಮಂಟಪ ವಾರಗಟ್ಟಲೆ ಬೀಗ. ಖಾಲಿಯಾದ ಲೆಡ್ ಆಸಿಡ್ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಕಟ್ಟಿ ಮತ್ತೆ ಚಾರ್ಜ್ ಹಿಡಿಯದು. ಮದುವೆ ದಿನ ಹಸಿರು ದೀಪ ಕಂಡರೂ ಒಳಗೆ ಜೀವವಿರುವುದಿಲ್ಲ. ಮದುವೆ ಇಲ್ಲದ ದಿನಗಳಲ್ಲಿ ಬಿಲ್ ಉಳಿಸಲು ಮೇನ್ ಸ್ವಿಚ್ಚನ್ನೇ ಆರಿಸುವ ಪದ್ಧತಿಯೂ ಇದನ್ನೇ ಮಾಡುತ್ತದೆ. ಎಮರ್ಜೆನ್ಸಿ ಲೈಟುಗಳು ಚಾರ್ಜ್ ಹಿಡಿದು ಕೂರಲು ತೆಗೆದುಕೊಳ್ಳುವ ಕರೆಂಟ್ ಅತ್ಯಲ್ಪ. ಮೇನ್ ಆರಿಸಲೇಬೇಡಿ, ಹಾಲ್‌ನ ಸ್ವಿಚ್ಚುಗಳನ್ನು ಆರಿಸಿ.

ಮೂರನೆಯದು ಪ್ಲಗ್. ಮೂರು ಪಿನ್ನಿನ ಸಾಕೆಟ್ಟಿಗೆ ಚುಚ್ಚಿದ ಯೂನಿಟ್ ಇದ್ದರೆ ಯಾರೋ ಮೊಬೈಲ್ ಚಾರ್ಜ್‌ಗೆ ಅದನ್ನು ಕಿತ್ತು ಹಾಕುತ್ತಾರೆ. ವೈರನ್ನು ನೇರವಾಗಿ ಕನೆಕ್ಟರಿಗೆ ಕಟ್ಟಿಸಿ.

ಒಂದೊಂದು ಯೂನಿಟ್‌ಗೆ ಬೇರೆ ಬೇರೆ ಬ್ಯಾಟರಿ ಬೇಡ, ಎಲ್ಲಕ್ಕೂ ಸೇರಿ ಒಂದೇ ದೊಡ್ಡ ಬ್ಯಾಟರಿ ಇಡುತ್ತೇವೆ ಅನ್ನುವವರು ಕೇಬಲ್ಲಿನ ಕಡೆ ಗಮನ ಕೊಡಬೇಕು. ಎಫ್‌ಆರ್‌ಎಲ್‌ಎಸ್ ಎಂದು ಬರೆದ ವೈರು ಬೆಂಕಿ ಹರಡುವುದನ್ನು ತಡೆಯುತ್ತದೆ, ಕಡಿಮೆ ಹೊಗೆ ಬಿಡುತ್ತದೆ. ಬೆಂಕಿಯಲ್ಲಿ ಕರೆಂಟ್ ಸಾಗಿಸುತ್ತಲೇ ಇರುತ್ತದೆ ಎಂದು ಅದರ ಅರ್ಥವಲ್ಲ. ಅದಕ್ಕೆ ಮೈಕಾ ಪಟ್ಟಿ ಸುತ್ತಿದ ಫೈರ್ ಸರ್ವೈವಲ್ ಕೇಬಲ್ ಬೇಕು. ಮಂಟಪಗಳಿಗೆ ಬಿಡಿ ಯೂನಿಟ್‌ಗಳೇ ವಾಸಿ: ಒಂದು ಕೆಟ್ಟರೆ ಒಂದೇ ಕೆಡುತ್ತದೆ.

ಎಕ್ಸಿಟ್ ಬೋರ್ಡು

ಒಳಗಿನಿಂದ ಬೆಳಗುವ ಬೋರ್ಡು ತನ್ನ ಚಿತ್ರದ ಎತ್ತರದ 200 ಪಟ್ಟು ದೂರದವರೆಗೆ ಓದಲು ಸಿಗುತ್ತದೆ. 15 ಸೆಂಟಿಮೀಟರ್ ಚಿತ್ರ 30 ಮೀಟರಿಗೆ ಸರಿ. ಹೊರಗಿನಿಂದ ಬೆಳಕು ಬೀಳುವ ಬೋರ್ಡಾದರೆ 100 ಪಟ್ಟು ಮಾತ್ರ. ಓಡುವ ಮನುಷ್ಯನ ಹಸಿರು ಚಿತ್ರ, ಬಾಣ, ಜೊತೆಗೆ ಕನ್ನಡದಲ್ಲಿ "ಹೊರದಾರಿ" ಎಂದಿರಲಿ. ಹಳ್ಳಿಯಿಂದ ಬಂದ ಅಜ್ಜಿಗೂ ಅರ್ಥವಾಗಬೇಕು. ಕತ್ತಲಲ್ಲಿ ಹೊಳೆಯುವ ಪಟ್ಟಿಗಳನ್ನು ಮೆಟ್ಟಿಲ ಅಂಚಿಗೆ, ಗೋಡೆಯ ಬುಡಕ್ಕೆ ಅಂಟಿಸಬಹುದು. ಹೊಗೆ ಕೆಳಗಿಳಿದಾಗ ಅವು ಬಹಳ ಉಪಯೋಗ. ಆದರೆ ಅವು ಮೊದಲು ಬೆಳಕು ಕುಡಿದಿರಬೇಕು, ಸದಾ ದೀಪ ಆರಿಸಿಟ್ಟ ಹಿಂದಿನ ಮೆಟ್ಟಿಲಲ್ಲಿ ಹೊಳೆಯುವುದಿಲ್ಲ.

ಡೆಕೋರೇಷನ್ನವರು ಮೊದಲು ಮುಚ್ಚುವುದು ಈ ಬೋರ್ಡನ್ನೇ. ಫೋಟೋದಲ್ಲಿ ಹಸಿರು ಬಣ್ಣ ಚೆನ್ನಾಗಿ ಕಾಣುವುದಿಲ್ಲವಂತೆ. ಬುಕಿಂಗ್ ಕರಾರಿನಲ್ಲೇ ಬರೆಯಿರಿ: ಬೋರ್ಡು, ಬಾಗಿಲು, ಬೆಂಕಿ ಆರಿಸುವ ಸಿಲಿಂಡರ್ ಮುಚ್ಚಿದರೆ ಅಲಂಕಾರ ಬಿಚ್ಚಿಸಲಾಗುವುದು. ಮುಹೂರ್ತಕ್ಕೆ ಮೊದಲು ಒಂದು ಸುತ್ತು ಬಂದು ನೋಡಿ, ಬಿಚ್ಚಿಸಿ.

ಪರೀಕ್ಷೆ: ತಿಂಗಳಿಗೊಮ್ಮೆ ಮತ್ತು ಆಷಾಢದಲ್ಲಿ

ಪ್ರತಿ ಯೂನಿಟ್‌ಗೂ ನಂಬರ್ ಕೊಡಿ, ಒಂದು ನೋಟ್‌ಬುಕ್ ಇಡಿ. ತಿಂಗಳಿಗೊಮ್ಮೆ ಲೈಟಿಂಗ್ ಎಂಸಿಬಿಗಳನ್ನು ಒಂದೊಂದಾಗಿ ಕೆಳಗಿಳಿಸಿ. ಆ ಜಾಗದ ಎಲ್ಲ ಯೂನಿಟ್‌ಗಳೂ ಹೊತ್ತಿದವೇ, ಅರ್ಧ ನಿಮಿಷ ನಿಂತವೇ ನೋಡಿ. ಮೇನ್ ಸ್ವಿಚ್ಚನ್ನೇ ಎಳೆದು ಪರೀಕ್ಷಿಸಿದರೆ ತಪ್ಪು ಸರ್ಕ್ಯೂಟಿಗೆ ಕಟ್ಟಿದ ಯೂನಿಟ್ ಕೂಡ ಹೊತ್ತಿಕೊಂಡು ನಿಮ್ಮನ್ನು ಮೋಸಗೊಳಿಸುತ್ತದೆ. ಟೆಸ್ಟ್ ಬಟನ್ನಿಗೂ ವೈರಿಂಗ್ ತಪ್ಪು ಕಾಣುವುದಿಲ್ಲ. ಗಾಜಿನೊಳಗೆ ಸೇರಿದ ಹುಳುಗಳನ್ನು ಅದೇ ದಿನ ಒರೆಸಿ.

ವರ್ಷಕ್ಕೊಮ್ಮೆ ಪೂರ್ತಿ ಒಂದೂವರೆ ಗಂಟೆಯ ಪರೀಕ್ಷೆ ಮಾಡಬೇಕು. ಅದಾದ ಮೇಲೆ ಬ್ಯಾಟರಿ ಮತ್ತೆ ತುಂಬಲು 24 ಗಂಟೆ ಬೇಕು, ಆ ಹೊತ್ತಿನಲ್ಲಿ ಕಟ್ಟಡದಲ್ಲಿ ಜನ ಇರಬಾರದು. ಮದುವೆಯಿಲ್ಲದ ಆಷಾಢ ಮಾಸ ಇದಕ್ಕೆ ಹೇಳಿ ಮಾಡಿಸಿದ ಕಾಲ. ತಪ್ಪಿದರೆ ಧನುರ್ಮಾಸ. ಕತ್ತಲಾದ ಮೇಲೆ ಎಂಸಿಬಿ ಇಳಿಸಿ, ಗಂಟೆ ಬರೆದುಕೊಳ್ಳಿ. ಲಕ್ಸ್ ಮೀಟರನ್ನು ನೆಲದ ಮೇಲಿಟ್ಟು ಬಾಗಿಲು, ಮೆಟ್ಟಿಲು, ತಿರುವುಗಳಲ್ಲಿ ಓದಿ. ಮೊಬೈಲ್ ಆ್ಯಪ್ ಕೊಡುವ ಸಂಖ್ಯೆ ಅಂದಾಜು ಮಾತ್ರ. ಕೊನೆಯಲ್ಲಿ ಇನ್ನೂ ಉರಿಯುತ್ತಿರುವಾಗಲೇ ಮಲ್ಟಿಮೀಟರ್ ಹಿಡಿಯಿರಿ: 6 ವೋಲ್ಟಿನ ಬ್ಯಾಟರಿ 5.25ಕ್ಕಿಂತ ಕೆಳಗಿಳಿದಿದ್ದರೆ ಬದಲಾಯಿಸುವ ಸಮಯ ಬಂದಿದೆ. ಒಂದೂವರೆ ಗಂಟೆಗೆ ಮೊದಲೇ ಆರಿದ್ದನ್ನು ಮುಂದಿನ ಲಗ್ನಕ್ಕೆ ಮೊದಲು ಬದಲಾಯಿಸಲೇಬೇಕು. ಕರೆಂಟ್ ಕೊಟ್ಟ ಮೇಲೆ ಚಾರ್ಜ್ ಸೂಚಕ ಹೊತ್ತಿತೇ, ಮರುದಿನ ಪೂರ್ತಿ ತುಂಬಿತೇ ಎಂಬುದನ್ನೂ ಬರೆಯಿರಿ.

ಅಲಂಕಾರ, ಸೀರಿಯಲ್ ಸೆಟ್, ಹೆಚ್ಚುವರಿ ಲೋಡು

6 ಆಂಪಿಯರಿನ ಮಾಮೂಲಿ ಸಾಕೆಟ್ ಹೊರುವುದು 1380 ವ್ಯಾಟ್. ಎರಡು 1000 ವ್ಯಾಟಿನ ಹ್ಯಾಲೊಜನ್ ಹಾಕಿದರೆ ಅಲ್ಲಿಗೇ ಮೀರಿತು. ಎಂಸಿಬಿ ಪದೇ ಪದೇ ಬೀಳುತ್ತಿದೆ ಎಂದು ಡೆಕೋರೇಷನ್ನವರು ಅದಕ್ಕೂ ಮೊದಲಿನ, ಪ್ಯಾನಲ್ಲಿನೊಳಗಿನ ಲೋಹದ ಪಟ್ಟಿಯಾದ ಬಸ್‌ಬಾರಿಗೇ ವೈರ್ ಸಿಕ್ಕಿಸುತ್ತಾರೆ. ಆಮೇಲೆ ವೈರ್ ಕಾದು ಕೆಂಪಾದರೂ ತಡೆಯುವುದು ಏನೂ ಇಲ್ಲ. ಅವರಿಗೆಂದೇ ಬೇರೆ ಡಿಬಿ ಇಡಿ: ತ್ರೀ ಫೇಸ್ 32 ಆಂಪಿಯರ್, ಕರೆಂಟ್ ಸೋರಿದರೆ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಗಟ್ಟಿ ಇಂಡಸ್ಟ್ರಿಯಲ್ ಸಾಕೆಟ್‌ಗಳು. ಮುಖ್ಯ ಪ್ಯಾನಲ್ ಕೋಣೆಗೆ ಬೀಗ ಹಾಕಿ, ಕೀಲಿ ನಿಮ್ಮ ಎಲೆಕ್ಟ್ರಿಷಿಯನ್ ಬಳಿ ಇರಲಿ. ಆ ಕೋಣೆಯಲ್ಲಿ ಕುರ್ಚಿ, ಜಮಖಾನ ಪೇರಿಸಬೇಡಿ. ಹೊಸೆದು ಟೇಪ್ ಸುತ್ತಿದ ಜಾಯಿಂಟು ಸಡಿಲಾಗಿ ಕಾಯುವುದನ್ನು ಎಂಸಿಬಿ ಗುರುತಿಸುವುದಿಲ್ಲ, ಯಾಕೆಂದರೆ ಅಲ್ಲಿ ಹರಿಯುವ ಕರೆಂಟ್ ಹೆಚ್ಚಾಗಿರುವುದಿಲ್ಲ. ಅರ್ಧ ಗಂಟೆ ಲೋಡ್ ಓಡಿದ ಮೇಲೆ ಪ್ಲಗ್‌ಗಳ ಹತ್ತಿರ ಅಂಗೈಯ ಹಿಂಭಾಗ ಒಯ್ದು ನೋಡಿ. ಬಿಸಿ ತಾಕಿದರೆ ಕರೆಂಟ್ ಆಫ್ ಮಾಡಿ ಬಿಚ್ಚಿಸಿ.

ಬಟ್ಟೆಗೆ ಒಂದು ಸುಲಭ ಪರೀಕ್ಷೆ ಇದೆ. ಮಂಟಪದ ಹೊರಗೆ, ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು, ಒಂದೂವರೆ ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಉದ್ದದ ತುಂಡನ್ನು ಇಕ್ಕಳದಲ್ಲಿ ಕೆಳಮುಖವಾಗಿ ಹಿಡಿದು, ತುದಿಗೆ ಬೆಂಕಿಕಡ್ಡಿಯನ್ನು 12 ಸೆಕೆಂಡು ತಾಗಿಸಿ ತೆಗೆಯಿರಿ. 2 ಸೆಕೆಂಡಿನೊಳಗೆ ತಾನೇ ಆರಿದರೆ ಪರವಾಗಿಲ್ಲ. ಉರಿಯುತ್ತಲೇ ಹೋದರೆ ಅಥವಾ ಉರಿವ ಹನಿ ಉದುರಿದರೆ ಆ ಬಟ್ಟೆ ಹೋಮಕುಂಡದ ಹತ್ತಿರವಂತೂ ಬೇಡ. ಥರ್ಮೋಕೋಲ್ ಮಂಟಪಕ್ಕೆ ನಮ್ಮ ಸಲಹೆ ಒಂದೇ: ಬೇಡ ಅನ್ನಿ.

ಅಡುಗೆಮನೆ

ಸಿಲಿಂಡರ್‌ಗಳು ಒಲೆಯ ಪಕ್ಕ ಇರಬಾರದು; ಹೊರಗೆ, ಗಾಳಿಯಾಡುವ ಜಾಲರಿ ಗೂಡಿನಲ್ಲಿ ನಿಲ್ಲಿಸಿ, ಪೈಪ್ ಮೂಲಕ ಒಳಗೆ ತನ್ನಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ದು ನೆಲದಲ್ಲೇ ಹರಿದು ತಗ್ಗಿಗೆ, ಚರಂಡಿಗೆ, ನೆಲಮಾಳಿಗೆಗೆ ಇಳಿಯುತ್ತದೆ. ನೆಲಮಾಳಿಗೆಯಲ್ಲಿ ಗ್ಯಾಸ್ ಅಡುಗೆ ಬೇಡವೇ ಬೇಡ. ಪರವಾನಗಿ ಇಲ್ಲದೆ 100 ಕಿಲೋಗಿಂತ ಹೆಚ್ಚು ಎಲ್‌ಪಿಜಿ ಇಡುವಂತಿಲ್ಲ. 19 ಕಿಲೋ ಸಿಲಿಂಡರ್ ಐದಾದರೆ 95 ಕಿಲೋ. ಆರನೆಯದು ಬಂದರೆ ಮಿತಿ ದಾಟಿತು. ದೊಡ್ಡ ಮದುವೆಯ ದಿನ ಅಡುಗೆ ಭಟ್ಟರು ತಾವೇ ತರುವ ಸಿಲಿಂಡರ್‌ಗಳನ್ನೂ ಲೆಕ್ಕಕ್ಕೆ ಸೇರಿಸಿ.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ನೀರು ಎಣ್ಣೆಯ ಕೆಳಗಿಳಿದು ಆವಿಯಾಗಿ ಸುಮಾರು 1700 ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನು ಸೂರಿಗೆ ಎರಚುತ್ತದೆ. ಗ್ಯಾಸ್ ಮುಚ್ಚಿ, ಬಾಣಲೆಗೆ ಮುಚ್ಚಳ ಹಾಕಿ, ತಣ್ಣಗಾಗುವವರೆಗೆ ತೆಗೆಯಬೇಡಿ. ಆದ್ದರಿಂದ ಬೋಂಡ, ಪೂರಿ ಕರಿಯುವ ದೊಡ್ಡ ಬಾಣಲೆಯ ಬಾಯಿ ಮುಚ್ಚುವಷ್ಟು ಅಗಲದ ತಗಡಿನ ಮುಚ್ಚಳವನ್ನು ಹಿಡಿ ಸಮೇತ ಮಾಡಿಸಿ, ಒಲೆಯ ಪಕ್ಕದ ಗೋಡೆಗೆ ನೇತುಹಾಕಿ. ಅಡುಗೆಮನೆಗೆ ವೆಟ್ ಕೆಮಿಕಲ್ ಸಿಲಿಂಡರ್ (ಅಡುಗೆ ಎಣ್ಣೆಯ ಬೆಂಕಿ ಆರಿಸುವ ದ್ರಾವಣದ್ದು) ಇಡಿ. ಬೆಂಕಿ ಆರಿಸುವ ಒಣ ಪುಡಿ ಹೊಡೆದರೆ ಜ್ವಾಲೆ ಆರಿದರೂ ಕಾದ ಎಣ್ಣೆ ಮತ್ತೆ ಹೊತ್ತಿಕೊಳ್ಳುತ್ತದೆ.

ಬೆಂಕಿ ಆರಿಸುವ ಸಿಲಿಂಡರ್

ಹಾಲ್‌ನಲ್ಲಿ ಎಲ್ಲಿ ನಿಂತರೂ 15 ಮೀಟರ್ ನಡೆಯುವಷ್ಟರಲ್ಲಿ ಒಂದು ಸಿಗಬೇಕು. ಹಾಲ್‌ಗೆ 6 ಕಿಲೋ ಎಬಿಸಿ (ಘನ, ದ್ರವ, ಅನಿಲ ಮೂರರ ಬೆಂಕಿಗೂ ಆಗುವ) ಪುಡಿ, ಪ್ಯಾನಲ್ ಕೋಣೆಗೆ ಕಾರ್ಬನ್ ಡೈಆಕ್ಸೈಡ್. ಪಿನ್ ಕಿತ್ತು, ಬೆಂಕಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಪಕ್ಕದಿಂದ ಪಕ್ಕಕ್ಕೆ ಬೀಸಿ. ಪುಡಿ ಬರುವುದು ಹದಿನೈದು ಸೆಕೆಂಡಿನ ಆಸುಪಾಸು ಮಾತ್ರ, ಬೆನ್ನ ಹಿಂದೆ ಬಾಗಿಲು ಇಟ್ಟುಕೊಂಡೇ ನಿಲ್ಲಿ. ಕಾರ್ಬನ್ ಡೈಆಕ್ಸೈಡಿನ ಕೊಳವೆಯ ಬಾಯನ್ನು ಬರಿಗೈಯಲ್ಲಿ ಹಿಡಿದರೆ ಚರ್ಮ ಹೆಪ್ಪುಗಟ್ಟುತ್ತದೆ. ಸಣ್ಣ ಕೋಣೆಯಲ್ಲಿ ಹೊಡೆದ ಕೂಡಲೇ ಹೊರಗೆ ಬನ್ನಿ, ಉಸಿರಾಡಲು ಗಾಳಿ ಸಾಲದು. ಪುಡಿಯದಕ್ಕೆ ಒತ್ತಡ ತೋರಿಸುವ ಮೀಟರಿನ ಮುಳ್ಳು ಹಸಿರಿನಲ್ಲಿದೆಯೇ ನೋಡಿ. ಕಾರ್ಬನ್ ಡೈಆಕ್ಸೈಡಿಗೆ ಮುಳ್ಳಿಲ್ಲ, ತೂಗಬೇಕು. ಒಳಗಿನ ಗ್ಯಾಸ್ 10 ಶೇಕಡಾ ಇಳಿದಿದ್ದರೆ ತುಂಬಿಸಿ. ಹೋಸ್ ರೀಲ್, ಪಂಪ್ ಇದ್ದರೆ ಪಂಪಿನ ಕರೆಂಟ್ ಮೇನ್ ಸ್ವಿಚ್ಚಿಗಿಂತ ಮೊದಲೇ ಬೇರೆಯಾಗಿ ಬಂದಿರಬೇಕು. ಇಲ್ಲವಾದರೆ ಮೇನ್ ಆಫ್ ಮಾಡಿದ ಕ್ಷಣ ನೀರೂ ನಿಲ್ಲುತ್ತದೆ.

ಮಹಡಿಯಿಂದ ಮಹಡಿಗೆ ಕೇಬಲ್ ಏರುವ ಡಕ್ಟ್‌ಗಳನ್ನು ಪ್ರತಿ ಮಹಡಿಯ ನೆಲಮಟ್ಟದಲ್ಲೂ ಮುಚ್ಚಿಸಿ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಹೊಗೆ ಮೇಲಿನ ಮಹಡಿಗಳಿಗೆ ಏರಿದ್ದು ಎಲೆಕ್ಟ್ರಿಕಲ್ ಡಕ್ಟ್ ಮೂಲಕವೇ. 9 ಜನ ಸತ್ತರು. ಮುಚ್ಚಲು ಬೆಂಕಿ ತಡೆಯುವ ಸೀಲಂಟ್ ಅಥವಾ ಗಾರೆ ಬಳಸಿ. ಬಡಗಿಗಳು ಚೌಕಟ್ಟಿನ ಸಂದಿಗೆ ಹೊಡೆಯುವ ಮಾಮೂಲಿ ಫೋಮ್ ತಾನೇ ಉರಿಯುತ್ತದೆ.

ಹೋಮದ ಹೊಗೆ, ಗಟ್ಟಿಮೇಳದ ಸದ್ದು

ಹೋಮದ ಹೊಗೆಗೆ ಡಿಟೆಕ್ಟರ್ (ಹೊಗೆ ಗುರುತಿಸುವ ಸಾಧನ) ಕೂಗುತ್ತದೆ ಎಂದು ಅಲಾರಂ ಪ್ಯಾನಲನ್ನೇ ಆರಿಸಿ, ಮತ್ತೆ ಹಚ್ಚಲು ಮರೆಯುವುದು ನಮ್ಮ ಮಂಟಪಗಳದ್ದೇ ವಿಶೇಷ ಸಮಸ್ಯೆ. ವೇದಿಕೆಯ ಭಾಗದ ಡಿಟೆಕ್ಟರ್‌ಗಳನ್ನು ಪ್ರತ್ಯೇಕ ವಲಯ ಮಾಡಿಸಿ, ಹೋಮದ ಹೊತ್ತಿಗೆ ಆ ವಲಯವನ್ನು ಮಾತ್ರ ತಡೆಹಿಡಿಯಿರಿ. ತಡೆಹಿಡಿದ ಗಂಟೆ, ಹಚ್ಚಿದ ಗಂಟೆ ಎರಡನ್ನೂ ಸಹಿ ಸಮೇತ ಬರೆಯಬೇಕು. ನಡುವಿನ ಹೊತ್ತು ಒಬ್ಬ ಸಿಬ್ಬಂದಿ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಕೂತಿರಬೇಕು. ಅಡುಗೆಮನೆಗೆ ಹೊಗೆಯ ಡಿಟೆಕ್ಟರ್ ಬೇಡ, ಬಿಸಿಗೆ ಸ್ಪಂದಿಸುವುದನ್ನು ಹಾಕಿ.

ಗಟ್ಟಿಮೇಳ ಬಾರಿಸುವಾಗ ಅಲಾರಂ ಗಂಟೆ ಯಾರಿಗೂ ಕೇಳದು. ಮಿನುಗುವ ದೀಪವಿರುವ ಹೂಟರ್ ಹಾಕಿಸಿ. ಅಲಾರಂ ಆದಾಗ ಆರ್ಕೆಸ್ಟ್ರಾದ ಆಂಪ್ಲಿಫೈಯರ್ ಸಾಕೆಟ್ಟಿನ ಕರೆಂಟ್ ತಾನಾಗಿ ಕಡಿದುಹೋಗುವಂತೆ ರಿಲೇ ಕೂಡಿಸಿ. ಮೈಕೂ ಆಗ ಸಾಯುವುದರಿಂದ ಬ್ಯಾಟರಿಯ ಕೈ ಮೆಗಾಫೋನ್ ಒಂದನ್ನು ಆಫೀಸಿನಲ್ಲಿಡಿ. ಹೇಳುವ ಮಾತನ್ನು ಮೊದಲೇ ಬರೆದು ಅದರ ಮೇಲೆ ಅಂಟಿಸಿ: "ವಾಲಗ ನಿಲ್ಲಿಸಿ. ಎಲ್ಲರೂ ಎದ್ದು ಹತ್ತಿರದ ಹಸಿರು ದೀಪದ ಬಾಗಿಲಿನಿಂದ ಹೊರಗೆ ನಡೆಯಿರಿ. ಚಪ್ಪಲಿ, ಬ್ಯಾಗ್ ಹುಡುಕಬೇಡಿ. ಲಿಫ್ಟ್ ಬೇಡ. ಮಕ್ಕಳ ಕೈ ಹಿಡಿಯಿರಿ." ಪ್ರತಿ ಬಾಗಿಲಿಗೆ ಒಬ್ಬ ಸಿಬ್ಬಂದಿಯ ಹೆಸರು ನಿಗದಿಯಾಗಿರಲಿ. ಫೋನ್ ಮಾಡುವವರು ಯಾರೆಂದೂ ಮೊದಲೇ ತೀರ್ಮಾನವಾಗಿರಬೇಕು: 101 ಅಥವಾ 112. ಮಂಟಪದ ಹೆಸರಿನ ಜೊತೆ ಹತ್ತಿರದ ಗುರುತು, ಲಾರಿ ಬರುವ ಗೇಟು ಯಾವುದು ಎಂದು ಹೇಳಬೇಕು. ಆ ಗೇಟಿನ ಮುಂದೆ ಕಾರು ನಿಲ್ಲಿಸಲು ಬಿಡಬಾರದು.

ಮದುವೆಯ ಹಿಂದಿನ ರಾತ್ರಿ

ಆರತಕ್ಷತೆ ಮುಗಿದು ದೀಪ ಆರಿದ ಮೇಲೆ ಕೋಣೆಗಳಲ್ಲಿ, ಹಾಲ್‌ನ ಜಮಖಾನದ ಮೇಲೆ ಎರಡೂ ಕಡೆಯ ಬಳಗ ಮಲಗಿರುತ್ತದೆ. ಬೆಳಗಿನ ಮುಹೂರ್ತಕ್ಕೆ ಅಡುಗೆಮನೆಯಲ್ಲಿ ಒಲೆ ಉರಿಯುತ್ತಿರುತ್ತದೆ. ಡೆಕೋರೇಷನ್ನವರು ಆತುರದಲ್ಲಿ ವೈರ್ ಎಳೆಯುತ್ತಿರುತ್ತಾರೆ. ಜನರೇಟರ್ ಆಪರೇಟರ್ ಮನೆಗೆ ಹೋಗಿರುತ್ತಾನೆ. ಕೆಳಗಿನ ಕಬ್ಬಿಣದ ಗೇಟಿಗೆ ಬೀಗ, ಕೀಲಿ ವಾಚ್‌ಮನ್ ಜೇಬಲ್ಲಿ, ಅವನೂ ನಿದ್ದೆಯಲ್ಲಿ. ಮಂಟಪದ ಅತಿ ಅಪಾಯದ ಹೊತ್ತು ಇದು, ಸಾವಿರ ಜನ ಸೇರುವ ಧಾರೆಯ ಹೊತ್ತಿಗಿಂತಲೂ ಹೆಚ್ಚು.

ಜನ ಮಲಗಿರುವಾಗ ಮೆಟ್ಟಿಲ ಬುಡದ ಗೇಟಿಗೆ ಬೀಗ ಹಾಕಬೇಡಿ. ಕಳ್ಳತನದ ಭಯವಿದ್ದರೆ ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಲ್ಯಾಚ್ ಹಾಕಿಸಿ, ಪಕ್ಕದಲ್ಲೇ ವಾಚ್‌ಮನ್ ಕೂರಲಿ. ಕೋಣೆಗಳ ಕಾರಿಡಾರಿನ ಎಕ್ಸಿಟ್ ಬೋರ್ಡು ರಾತ್ರಿಯಿಡೀ ಉರಿಯುತ್ತಿರಲಿ. ಅಲಾರಂ ಸದ್ದು ಮಲಗಿದವರ ತಲೆಯ ಹತ್ತಿರ 75 ಡೆಸಿಬೆಲ್ ಇರಬೇಕು. ಕಾರಿಡಾರಿನಲ್ಲಿ ಜೋರಾಗಿ ಕೇಳುವ ಹೂಟರ್ ಮುಚ್ಚಿದ ಬಾಗಿಲ ಹಿಂದೆ, ಫ್ಯಾನ್ ಸದ್ದಿನ ನಡುವೆ ಎಬ್ಬಿಸುವಷ್ಟು ಇರುವುದಿಲ್ಲ, ಕೋಣೆಯೊಳಗೆ ಹೋಗಿ ಅಳೆಯಿರಿ. ವಾಚ್‌ಮನ್ ರಾತ್ರಿ ಹತ್ತಕ್ಕೆ ಹಿಂಬಾಗಿಲು ತೆರೆದು ನೋಡಬೇಕು, ಮೆಟ್ಟಿಲಲ್ಲಿ ಪೇರಿಸಿದ ಕುರ್ಚಿ ತೆಗೆಸಬೇಕು, ಹನ್ನೆರಡಕ್ಕೆ ಡೆಕೋರೇಷನ್ನಿನ ಡಿಬಿ ಆಫ್ ಮಾಡಬೇಕು, ಬಳಕೆಯಲ್ಲಿಲ್ಲದ ಗ್ಯಾಸ್ ಸಿಲಿಂಡರ್‌ಗಳ ವಾಲ್ವ್ ಮುಚ್ಚಿದೆಯೇ ಕೈಯಿಂದ ತಿರುಗಿಸಿ ನೋಡಬೇಕು. ಎಷ್ಟು ಕೋಣೆಯಲ್ಲಿ ಎಷ್ಟು ಜನ ಮಲಗಿದ್ದಾರೆ ಎಂಬ ಚೀಟಿ ಅವನ ಬಳಿ ಇರಬೇಕು. ಅಗ್ನಿಶಾಮಕದವರು ಬಂದ ಕೂಡಲೇ ಕೇಳುವುದು ಅದನ್ನೇ.